ಪಿ.ಆರ್., ಜಾಹೀರಾತು, ಸಂವಹನದಲ್ಲಿ ಸ್ನಾತಕೋತ್ತರ ಪದವಿ: ಹೆಸರು ನೋಡಿ ಅಲ್ಲ, ಪಠ್ಯಕ್ರಮ ಓದಿ ಆರಿಸಿ

ಈ ಕ್ಷೇತ್ರದ ಕೋರ್ಸ್‌ಗಳ ಹೆಸರನ್ನು ನಂಬಿ ಅರ್ಜಿ ಹಾಕುವಂತಿಲ್ಲ. ‘ಸ್ಟ್ರಾಟೆಜಿಕ್ ಕಮ್ಯುನಿಕೇಶನ್’ ಎಂಬ ಒಂದೇ ಹೆಸರಿನಡಿ ಒಂದು ವಿಶ್ವವಿದ್ಯಾಲಯ ಸಿದ್ಧಾಂತ ಮತ್ತು ಸಂಶೋಧನೆ ಕಲಿಸುತ್ತದೆ, ಇನ್ನೊಂದು ಕಾರ್ಪೊರೇಟ್ ಪಿ.ಆರ್. (ಸಾರ್ವಜನಿಕ ಸಂಪರ್ಕ) ಕಲಿಸುತ್ತದೆ, ಮತ್ತೊಂದರಲ್ಲಿ ಮುಕ್ಕಾಲು ಪಾಲು ಡಿಜಿಟಲ್ ಮಾರ್ಕೆಟಿಂಗ್ ಇರುತ್ತದೆ. ವೈದ್ಯಕೀಯ, ಕಾನೂನಿನಂತೆ ಇಂತಿಷ್ಟು ವಿಷಯ ಕಲಿಸಲೇಬೇಕು ಎನ್ನುವ ಕಟ್ಟುಪಾಡು ಇಲ್ಲಿಲ್ಲ. ಬಹುತೇಕ ದೇಶಗಳಲ್ಲಿ ಈ ವೃತ್ತಿಗೆ ಪರವಾನಗಿಯೂ ಬೇಕಿಲ್ಲ. 1967ರಿಂದಲೇ ಸಾರ್ವಜನಿಕ ಸಂಪರ್ಕ ವೃತ್ತಿಯನ್ನು ಕಾನೂನಿನ ಚೌಕಟ್ಟಿಗೆ ತಂದ ಬ್ರೆಜಿಲ್‌ನಂಥವು ಕೆಲವೇ. ಹಾಗಾಗಿ ಎರಡು ಕೋರ್ಸ್‌ಗಳ ನಡುವಿನ ವ್ಯತ್ಯಾಸ ಪತ್ತೆ ಮಾಡುವ ಕೆಲಸ ಪೂರ್ತಿ ವಿದ್ಯಾರ್ಥಿಯ ಮೇಲೇ ಬೀಳುತ್ತದೆ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲೆಲ್ಲಿ ಎಡವುವ ಸಾಧ್ಯತೆ ಹೆಚ್ಚು ಎನ್ನುವುದು ಮುಂದಿದೆ.

ಹಂತ 1: ಮೊದಲು ಕೆಲಸ, ಆಮೇಲೆ ಕೋರ್ಸ್

ಕಾಲೇಜುಗಳ ಪಟ್ಟಿ ಮಾಡುವ ಮುನ್ನ ಉದ್ಯೋಗ ಜಾಹೀರಾತುಗಳ ಪಟ್ಟಿ ಮಾಡಿ. ಮುಂದೆ ಕೆಲಸ ಮಾಡಬೇಕೆಂದಿರುವ ದೇಶದ, ಮಾಡಬೇಕೆಂದಿರುವ ಬಗೆಯ 20 ಹುದ್ದೆಗಳ ವಿವರ ಒಂದೆಡೆ ಸೇರಿಸಿ. ಎರಡು ಮೂರು ವರ್ಷ ಅನುಭವ ಕೇಳುವ ಹುದ್ದೆಗಳನ್ನೇ ಆರಿಸಿಕೊಳ್ಳಿ. ತೀರಾ ಆರಂಭದ ಹುದ್ದೆಗಳ ವಿವರದಲ್ಲಿ ‘ಉತ್ತಮ ಸಂವಹನ ಕೌಶಲ, ತಂಡದಲ್ಲಿ ಬೆರೆಯುವ ಗುಣ’ ಎಂಬಂಥ ಮಾತು ಬಿಟ್ಟರೆ ಹಿಡಿದುಕೊಳ್ಳುವಂಥದ್ದು ಸಿಗುವುದಿಲ್ಲ.

ಪ್ರತಿ ಜಾಹೀರಾತಿನಲ್ಲೂ ಕೇಳಿರುವ ಕೆಲಸವನ್ನು ಕ್ರಿಯಾಪದದ ರೂಪದಲ್ಲೇ ಬರೆದುಕೊಳ್ಳಿ: ಪತ್ರಿಕಾ ಪ್ರಕಟಣೆ ಬರೆಯುವುದು, ಪತ್ರಕರ್ತರೊಂದಿಗೆ ಮಾತಾಡುವುದು, ಮೀಡಿಯಾ ಪ್ಲ್ಯಾನ್ (ಜಾಹೀರಾತು ಎಲ್ಲಿ, ಯಾವಾಗ, ಎಷ್ಟು ಸಲ ಬರಬೇಕೆಂಬ ಯೋಜನೆ) ಮಾಡುವುದು, ಗ್ರಾಹಕರ ಸಮೀಕ್ಷೆ ಓದಿ ಬ್ರೀಫ್ (ಪ್ರಚಾರ ತಂಡಕ್ಕೆ ಕೊಡುವ ಕೆಲಸದ ಸೂಚನೆ) ಬರೆಯುವುದು, ಪ್ರಚಾರದ ಫಲಿತಾಂಶ ಅಳೆದು ವರದಿ ಕೊಡುವುದು, ಬಿಕ್ಕಟ್ಟು ಬಂದಾಗ ಹೇಳಿಕೆ ಸಿದ್ಧಪಡಿಸುವುದು. 20ರಲ್ಲಿ ಏಳೆಂಟು ಕಡೆ ಮರುಕಳಿಸಿದ ಕೆಲಸಗಳೇ ನಿಮ್ಮ ಅಗತ್ಯಗಳ ಪಟ್ಟಿ. ಮುಂದಿನ ಎಲ್ಲ ಹಂತಗಳಲ್ಲೂ ಪಠ್ಯಕ್ರಮವನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟೇ ನೋಡಬೇಕು.

ಇದೇ ಹೊತ್ತಿಗೆ ಇನ್ನೊಂದು ವಿಷಯ ಇತ್ಯರ್ಥ ಮಾಡಿಕೊಳ್ಳಿ. ಕಾಪಿರೈಟರ್ (ಜಾಹೀರಾತಿನ ಬರಹಗಾರ) ಅಥವಾ ಆರ್ಟ್ ಡೈರೆಕ್ಟರ್ ಆಗಬೇಕೆನ್ನುವವರಿಗೆ ಪದವಿಗಿಂತ ಪೋರ್ಟ್‌ಫೋಲಿಯೊ ಮುಖ್ಯ. ಏಜೆನ್ಸಿಯ ಕ್ರಿಯೇಟಿವ್ ಡೈರೆಕ್ಟರ್ ಮೊದಲು ತೆರೆಯುವುದು ನಿಮ್ಮ ಕೆಲಸದ ಫೈಲನ್ನು, ಅಂಕಪಟ್ಟಿಯನ್ನಲ್ಲ. ಅಂಥವರು ಕೋರ್ಸ್ ಮುಗಿಯುವಷ್ಟರಲ್ಲಿ ತೋರಿಸಲು ಯೋಗ್ಯವಾದ ನಾಲ್ಕೈದು ಕ್ಯಾಂಪೇನ್‌ಗಳನ್ನು ಕೈಗೆ ಕೊಡುವ ಕೋರ್ಸನ್ನೇ ಹುಡುಕಬೇಕು. ಪ್ರಬಂಧ ಬರೆಸಿ ಕಳಿಸುವ ಕೋರ್ಸ್‌ನಿಂದ ಅವರಿಗೆ ಹೆಚ್ಚಿನ ಪ್ರಯೋಜನವಿಲ್ಲ. ಕಾರ್ಪೊರೇಟ್ ಸಂವಹನ, ಸರ್ಕಾರಿ ಇಲಾಖೆಗಳ ಮಾಹಿತಿ ವಿಭಾಗ, ಆರೋಗ್ಯ ಸಂವಹನ, ಬ್ರ್ಯಾಂಡ್ ಸ್ಟ್ರಾಟೆಜಿಯಂಥ ಕಡೆ ಪದವಿಯ ತೂಕ ಹೆಚ್ಚು. ಪಾಠ ಮಾಡಬೇಕು ಎನ್ನುವವರಿಗಂತೂ ಅದು ಬೇಕೇ ಬೇಕು.

ಹಂತ 2: ಕೋರ್ಸ್ ಯಾವ ಜಾತಿಯದು ಎಂದು ಗುರುತಿಸಿ

ಹೆಸರು ಏನೇ ಇರಲಿ, ಈ ಕೋರ್ಸ್‌ಗಳು ಹೆಚ್ಚುಕಡಿಮೆ ನಾಲ್ಕು ಬಗೆ. ಸಂಸ್ಥೆ ಮತ್ತು ಸಾರ್ವಜನಿಕರ ನಡುವಿನ ಸಂಬಂಧ, ಮಾಧ್ಯಮ ಸಂಪರ್ಕ, ಬಿಕ್ಕಟ್ಟು ನಿರ್ವಹಣೆಗಳನ್ನು ಕೇಂದ್ರದಲ್ಲಿಟ್ಟವು ಮೊದಲನೆಯವು. ಗ್ರಾಹಕರ ಅಧ್ಯಯನ, ಮೀಡಿಯಾ ಪ್ಲ್ಯಾನಿಂಗ್, ಕ್ರಿಯೇಟಿವ್ ಕೆಲಸ ಕಲಿಸುವ ಜಾಹೀರಾತು ಕೋರ್ಸ್‌ಗಳು ಎರಡನೆಯವು. ಎರಡನ್ನೂ ಮಾರ್ಕೆಟಿಂಗ್ ಜೊತೆ ಸೇರಿಸಿ ಕಲಿಸುವ ಸಮಗ್ರ ಸಂವಹನ ಕೋರ್ಸ್‌ಗಳು ಮೂರನೆಯವು. ಇವು ಸಾಮಾನ್ಯವಾಗಿ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿರುತ್ತವೆ. ಮಾಧ್ಯಮ ಮತ್ತು ಸಮಾಜದ ಅಧ್ಯಯನಕ್ಕೆ ಮೀಸಲಾದ, ಪಿಎಚ್.ಡಿ.ಗೆ ದಾರಿ ಮಾಡುವ ಸಂಶೋಧನಾ ಕೋರ್ಸ್‌ಗಳು ನಾಲ್ಕನೆಯವು.

ಬಗೆ ತಿಳಿಯಲು ಸುಲಭದ ಉಪಾಯವೊಂದಿದೆ: ಕೋರ್ಸ್ ಯಾವ ವಿಭಾಗದ ಅಡಿಯಲ್ಲಿದೆ ನೋಡಿ. ಪತ್ರಿಕೋದ್ಯಮ ವಿಭಾಗದಲ್ಲಿದ್ದರೆ ಬರವಣಿಗೆಗೆ ಒತ್ತು, ಬಿಸಿನೆಸ್ ಸ್ಕೂಲಿನಲ್ಲಿದ್ದರೆ ಬಜೆಟ್ ಮತ್ತು ಮಾರುಕಟ್ಟೆಗೆ, ಸಮಾಜವಿಜ್ಞಾನ ವಿಭಾಗದಲ್ಲಿದ್ದರೆ ಸಿದ್ಧಾಂತಕ್ಕೆ, ಕಲೆ ಮತ್ತು ವಿನ್ಯಾಸದ ವಿಭಾಗದಲ್ಲಿದ್ದರೆ ಪೋರ್ಟ್‌ಫೋಲಿಯೊಗೆ. ಇದಕ್ಕೆ ಅಪವಾದಗಳಿವೆ, ಆದರೂ ಮೊದಲ ಜರಡಿಗೆ ಇಷ್ಟು ಸಾಕು.

ಹಂತ 3: ಮಾನ್ಯತೆ ಮತ್ತು ಕ್ರೆಡಿಟ್ ಲೆಕ್ಕ

ಓದಿನ ಪ್ರಮಾಣವನ್ನು ಕ್ರೆಡಿಟ್‌ಗಳಲ್ಲಿ ಅಳೆಯುವ ಯುರೋಪಿನ ಇ.ಸಿ.ಟಿ.ಎಸ್. ಪದ್ಧತಿಯಲ್ಲಿ ಒಂದು ಪೂರ್ಣ ವರ್ಷದ ಓದು ಎಂದರೆ 60 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 25ರಿಂದ 30 ಗಂಟೆಗಳ ಶ್ರಮ. ಅದರಲ್ಲಿ ತರಗತಿ, ಮನೆಯಲ್ಲಿ ಓದುವುದು, ಅಸೈನ್‌ಮೆಂಟ್ ಎಲ್ಲ ಸೇರಿತು. ಬ್ರಿಟನ್ನಿನ ಒಂದು ವರ್ಷದ ಸ್ನಾತಕೋತ್ತರ ಪದವಿ ಅಲ್ಲಿನ ಲೆಕ್ಕದಲ್ಲಿ 180 ಕ್ರೆಡಿಟ್, ಅಂದರೆ 90 ಇ.ಸಿ.ಟಿ.ಎಸ್. ಅಮೆರಿಕದ ಕೋರ್ಸ್‌ಗಳು ಸಾಮಾನ್ಯವಾಗಿ 30ರಿಂದ 36 ಸೆಮಿಸ್ಟರ್ ಕ್ರೆಡಿಟ್‌ಗಳವು. ಈ ಅಂಕಿಗಳನ್ನು ನೇರವಾಗಿ ಒಂದಕ್ಕೊಂದು ಹೋಲಿಸಬೇಡಿ. 180 ದೊಡ್ಡದು, 36 ಚಿಕ್ಕದು ಎಂದೇನಿಲ್ಲ, ಅಳತೆಗೋಲೇ ಬೇರೆ.

ಪದವಿಗೆ ಅಧಿಕೃತ ಮಾನ್ಯತೆ ಇದೆಯೇ ಎಂಬುದು ಇನ್ನೂ ಮುಖ್ಯ. ಸ್ಪೇನ್‌ನಲ್ಲಿ ಎರಡು ಬಗೆಯ ಮಾಸ್ಟರ್ಸ್ ಇವೆ: ಒಂದು ಸರ್ಕಾರದ ದಾಖಲೆಯಲ್ಲಿರುವ ಅಧಿಕೃತ ಪದವಿ, ಇನ್ನೊಂದು ವಿಶ್ವವಿದ್ಯಾಲಯ ತನ್ನ ಹೆಸರಿನಲ್ಲೇ ಕೊಡುವ ಪದವಿ. ಎರಡನೆಯದು ಉದ್ಯಮಕ್ಕೆ ಹತ್ತಿರವಾಗಿದ್ದು ಚೆನ್ನಾಗಿಯೂ ಇರಬಹುದು, ಆದರೆ ಅದರ ಆಧಾರದ ಮೇಲೆ ನೇರವಾಗಿ ಡಾಕ್ಟರೇಟ್‌ಗೆ ಸೇರಲಾಗುವುದಿಲ್ಲ. ಬೇರೆ ದೇಶಗಳಲ್ಲೂ ಡಿಪ್ಲೊಮಾ, ಸರ್ಟಿಫಿಕೇಟ್‌ಗಳು ಮಾಸ್ಟರ್ಸ್ ಎಂಬ ಹೆಸರಿನಡಿ ಬರುವುದುಂಟು. ಹೊರದೇಶದಲ್ಲಿ ಓದಿ ತಾಯ್ನಾಡಿನಲ್ಲಿ ಸರ್ಕಾರಿ ಅಥವಾ ಬೋಧನಾ ಹುದ್ದೆಗೆ ಹೋಗುವ ಯೋಚನೆ ಇದ್ದರೆ, ಪದವಿಗೆ ಸಮಾನತೆ ಕೊಡುವ ಸಂಸ್ಥೆಯ ನಿಯಮವನ್ನು ಅರ್ಜಿ ಹಾಕುವ ಮೊದಲೇ ಓದಿ. ಒಂದು ವರ್ಷದ ಪದವಿ, ಪೂರ್ತಿ ಆನ್‌ಲೈನ್ ಪದವಿಗಳಿಗೆ ತೊಡಕು ಬರುವುದು ಹೆಚ್ಚಾಗಿ ಇಲ್ಲೇ.

ವೃತ್ತಿ ಸಂಘಗಳ ಮಾನ್ಯತೆ ಬೇರೆಯೇ ವಿಷಯ. ಅಮೆರಿಕದಲ್ಲಿ ಎ.ಸಿ.ಇ.ಜೆ.ಎಂ.ಸಿ. ಎಂಬ ಮಾನ್ಯತಾ ಮಂಡಳಿ ಪತ್ರಿಕೋದ್ಯಮ ಮತ್ತು ಸಮೂಹ ಸಂವಹನ ಕೋರ್ಸ್‌ಗಳನ್ನು ಪರಿಶೀಲಿಸುತ್ತದೆ, ಬ್ರಿಟನ್ನಿನಲ್ಲಿ ಸಿ.ಐ.ಪಿ.ಆರ್. ಎಂಬ ಪಿ.ಆರ್. ವೃತ್ತಿಪರರ ಸಂಘ ಕೆಲವು ಪಿ.ಆರ್. ಪದವಿಗಳನ್ನು ಗುರುತಿಸುತ್ತದೆ. ಇದ್ದರೆ ಒಳ್ಳೆಯದು. ಇಲ್ಲದ ಮಾತ್ರಕ್ಕೆ ಕೋರ್ಸ್ ಕಳಪೆ ಎನ್ನಲಾಗದು. ಹಲವು ಒಳ್ಳೆಯ ವಿಭಾಗಗಳು ಇದಕ್ಕೆ ಅರ್ಜಿಯನ್ನೇ ಹಾಕಿರುವುದಿಲ್ಲ.

ಹಂತ 4: ಪಠ್ಯಕ್ರಮವನ್ನು ಸಾಲುಸಾಲಾಗಿ ಓದುವುದು

ಇಡೀ ಆಯ್ಕೆಯಲ್ಲಿ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಬ್ರೋಷರ್‌ನಲ್ಲಿ ವಿಷಯಗಳ ಹೆಸರಷ್ಟೇ ಇರುತ್ತದೆ, ಅದರಿಂದ ಏನೂ ತಿಳಿಯದು. ವಿಭಾಗದ ಕಚೇರಿಗೆ ಇಮೇಲ್ ಬರೆದು ಮೂರು ವಿಷಯಗಳ ಹಿಂದಿನ ವರ್ಷದ ಪೂರ್ಣ ಪಠ್ಯವಿವರ ಕೇಳಿ: ಸಂಶೋಧನಾ ವಿಧಾನ, ಪ್ರಚಾರದ ಮೌಲ್ಯಮಾಪನ, ಮತ್ತು ಕ್ಯಾಂಪೇನ್ ಪ್ರಾಜೆಕ್ಟ್. ವಾರವಾರದ ಪಾಠ, ಓದುವ ಪಟ್ಟಿ, ಅಸೈನ್‌ಮೆಂಟ್, ಅಂಕ ಹಂಚಿಕೆ ಅದರಲ್ಲಿರಬೇಕು. ಎರಡು ಸಲ ಕೇಳಿದರೂ ಕೊಡದ ವಿಭಾಗ, ಸೇರಿದ ಮೇಲೆ ನಿಮ್ಮ ಪ್ರಶ್ನೆಗಳಿಗೆ ಎಷ್ಟು ಬೇಗ ಉತ್ತರಿಸೀತು ಎಂಬುದನ್ನು ಈಗಲೇ ಊಹಿಸಬಹುದು.

ಮೌಲ್ಯಮಾಪನದ ಪಠ್ಯವಿವರ ಕೈಗೆ ಬಂತೆನ್ನಿ. ಮೊದಲು ಹುಡುಕಬೇಕಾದ ಪದ ಎ.ವಿ.ಇ., ಅಂದರೆ ಜಾಹೀರಾತು ಸಮಾನ ಮೌಲ್ಯ. ಪತ್ರಿಕೆಯಲ್ಲಿ ನಮ್ಮ ಸುದ್ದಿ ಎಷ್ಟು ಕಾಲಂ ಸೆಂಟಿಮೀಟರ್ ಜಾಗ ಹಿಡಿಯಿತು ಎಂದು ಅಳೆದು, ಅಷ್ಟು ಜಾಗಕ್ಕೆ ಜಾಹೀರಾತು ಕೊಟ್ಟಿದ್ದರೆ ಎಷ್ಟು ಹಣ ತೆರಬೇಕಿತ್ತೋ ಅದೇ ಪಿ.ಆರ್.ನ ಗಳಿಕೆ ಎಂದು ತೋರಿಸುವ ಹಳೆಯ ಲೆಕ್ಕವದು. ಓದುಗ ಆ ಸುದ್ದಿ ಓದಿದನೇ, ನಂಬಿದನೇ, ಏನಾದರೂ ಮಾಡಿದನೇ ಎಂಬುದು ಈ ಲೆಕ್ಕಕ್ಕೆ ಗೊತ್ತಿಲ್ಲ. ಸಂಸ್ಥೆಯ ಮಾನ ಹರಾಜು ಹಾಕುವ ಅರ್ಧ ಪುಟದ ವರದಿಗೂ ಇದು ದೊಡ್ಡ ಮೌಲ್ಯವನ್ನೇ ತೋರಿಸುತ್ತದೆ. ಪಿ.ಆರ್. ಅಳತೆ ಹೇಗಿರಬೇಕು ಎಂಬ ಬಗ್ಗೆ ಈ ಕ್ಷೇತ್ರದವರು 2010ರಲ್ಲಿ ಒಪ್ಪಿಕೊಂಡ ಬಾರ್ಸಿಲೋನಾ ತತ್ವಗಳು ಎ.ವಿ.ಇ. ಪಿ.ಆರ್.ನ ಮೌಲ್ಯವಲ್ಲ ಎಂದು ನೇರವಾಗಿ ಹೇಳಿದವು. ಪಠ್ಯವಿವರದಲ್ಲಿ ಎ.ವಿ.ಇ. ಯಾಕೆ ತಪ್ಪು ಎಂಬ ಚರ್ಚೆ ಇದ್ದರೆ ಸರಿ. ಅದನ್ನೇ ಅಳತೆಗೋಲಾಗಿ ಕಲಿಸುತ್ತಿದ್ದರೆ ಆ ಕೋರ್ಸ್ ಪರಿಷ್ಕರಣೆ ಕಂಡು ಬಹಳ ಕಾಲವಾಗಿದೆ.

ಒಳ್ಳೆಯ ಪಠ್ಯವಿವರ ಅಳತೆಯನ್ನು ಮಟ್ಟಮಟ್ಟವಾಗಿ ಬಿಡಿಸುತ್ತದೆ. ರಕ್ತದಾನದ ಪ್ರಚಾರವೊಂದನ್ನು ಊಹಿಸಿಕೊಳ್ಳಿ. ಎಷ್ಟು ವರದಿ ಪ್ರಕಟವಾದವು, ಎಷ್ಟು ಜನರ ಕಣ್ಣಿಗೆ ಬಿದ್ದವು ಎಂಬುದು ಔಟ್‌ಪುಟ್. ಜನ ಅದರಿಂದ ಏನು ತಿಳಿದುಕೊಂಡರು, ಏನು ನೆನಪಿಟ್ಟರು ಎಂಬುದು ಔಟ್‌ಟೇಕ್. ಎಷ್ಟು ಮಂದಿಯ ಮನಸ್ಸು ಬದಲಾಗಿ ಬಂದು ರಕ್ತ ಕೊಟ್ಟರು ಎಂಬುದು ಔಟ್‌ಕಮ್. ರಕ್ತನಿಧಿಯ ಕೊರತೆ ನಿಜಕ್ಕೂ ತಗ್ಗಿತೇ ಎಂಬುದು ಇಂಪ್ಯಾಕ್ಟ್. ಈ ನಾಲ್ಕನ್ನೂ ಬೇರ್ಪಡಿಸಿ ಅಳೆಯುವ ಅಸೈನ್‌ಮೆಂಟ್ ಒಂದಾದರೂ ಇದೆಯೇ ನೋಡಿ. ಔಟ್‌ಪುಟ್‌ನಲ್ಲೇ ಪಾಠ ಮುಗಿದರೆ, ‘ಇಷ್ಟು ಲೈಕ್ ಬಂತು, ಇಷ್ಟು ಶೇರ್ ಆಯಿತು’ ಎಂಬ ವರದಿ ಬರೆಯುವಷ್ಟಕ್ಕೇ ವಿದ್ಯಾರ್ಥಿ ನಿಲ್ಲುತ್ತಾನೆ.

ಸಂಶೋಧನಾ ವಿಧಾನದ ವಿವರದಲ್ಲಿ ಪ್ರಶ್ನಾವಳಿ ರಚನೆ, ಮಾದರಿ ಆಯ್ಕೆ, ಫೋಕಸ್ ಗ್ರೂಪ್ (ಚಿಕ್ಕ ಗುಂಪಿನೊಂದಿಗೆ ಚರ್ಚೆ), ಅಂಕಿಅಂಶಗಳ ಒಂದು ಸಾಫ್ಟ್‌ವೇರ್ ಇರಲೇಬೇಕು. 400 ಮಂದಿಯ ಯಾದೃಚ್ಛಿಕ ಮಾದರಿ ಶೇ 95ರ ವಿಶ್ವಾಸ ಮಟ್ಟದಲ್ಲಿ ಸುಮಾರು 5 ಶೇಕಡಾ ಅಂಶ ಆಚೀಚೆ ಉತ್ತರ ಕೊಡುತ್ತದೆ. ಸಾಮಾಜಿಕ ಜಾಲತಾಣದಲ್ಲಿ ತಾವಾಗಿಯೇ ಬಂದು ಮತ ಒತ್ತಿದ 4,000 ಮಂದಿಯಿಂದ ಆ ಭರವಸೆ ಸಿಗುವುದಿಲ್ಲ. ಯಾಕೆ ಎಂದು ಬಿಡಿಸಿ ಹೇಳುವಷ್ಟು ತಯಾರಿ ಕೋರ್ಸ್ ಮುಗಿಸಿದವರಲ್ಲಿ ಇರಬೇಕು. ಗಣಿತಕ್ಕೆ ಹೆದರಿ ಈ ವಿಷಯ ಐಚ್ಛಿಕವಾಗಿರುವ ಕೋರ್ಸ್ ಹುಡುಕುವವರಿದ್ದಾರೆ. ನಮ್ಮ ಮಾತು ಕೇಳಿದರೆ ಹಾಗೆ ಮಾಡಬೇಡಿ. ಸ್ವಂತವಾಗಿ ಕಲಿಯಲು ಅತಿ ಕಷ್ಟದ, ಆದರೆ ಬಡ್ತಿಯ ಹೊತ್ತಿಗೆ ಅತಿ ಹೆಚ್ಚು ಬೇಕಾಗುವ ಭಾಗ ಇದು.

ಜಾಹೀರಾತು ಕೋರ್ಸ್ ಆದರೆ ಮೀಡಿಯಾ ಪ್ಲ್ಯಾನಿಂಗ್‌ನಲ್ಲಿ ಲೆಕ್ಕ ಮಾಡಿಸುತ್ತಾರೆಯೇ ನೋಡಿ. ಗುರಿ ಗುಂಪಿನ ಶೇ 60ರಷ್ಟು ಜನರನ್ನು ಸರಾಸರಿ 4 ಸಲ ತಲುಪಿದರೆ 240 ಜಿ.ಆರ್.ಪಿ. (ತಲುಪಿದ ಶೇಕಡಾವಾರನ್ನು ಸಲಗಳಿಂದ ಗುಣಿಸಿದ ಅಂಕಿ). ಅದೇ 240ನ್ನು ಶೇ 80 ಜನರನ್ನು 3 ಸಲ ತಲುಪಿಯೂ ಗಳಿಸಬಹುದು. ಹೊಸ ಉತ್ಪನ್ನಕ್ಕೆ ಯಾವುದು ಸರಿ, ಹಳೆಯದಕ್ಕೆ ಯಾವುದು ಸರಿ ಎಂದು ಬಜೆಟ್ ಕೊಟ್ಟು ವಾದಿಸಲು ಹಚ್ಚುವ ಅಸೈನ್‌ಮೆಂಟ್ ಇದ್ದರೆ ಆ ಮೇಷ್ಟ್ರಿಗೆ ಕೆಲಸ ಗೊತ್ತು.

ಸಿದ್ಧಾಂತದ ಪಟ್ಟಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಗ್ರುನಿಗ್ ಮತ್ತು ಹಂಟ್ 1984ರಲ್ಲಿ ವಿವರಿಸಿದ ಪಿ.ಆರ್.ನ ನಾಲ್ಕು ಮಾದರಿಗಳು, ಬಿಕ್ಕಟ್ಟಿನ ಹೊಣೆ ಯಾರ ಮೇಲೆ ಬೀಳುತ್ತದೆ ಎಂಬುದರ ಮೇಲೆ ಉತ್ತರ ನಿರ್ಧರಿಸಬೇಕು ಎನ್ನುವ ಕೂಂಬ್ಸ್ ಅವರ ಸಿದ್ಧಾಂತ, ಜಾಹೀರಾತಿನ ಗುರಿಯನ್ನು ಅಳೆಯುವಂತೆ ಬರೆಯಬೇಕು ಎಂದ ಕಾಲಿ ಅವರ 1961ರ ಡ್ಯಾಗ್‌ಮಾರ್ ಮಾದರಿ. ಇವು ಇದ್ದೇ ಇರುತ್ತವೆ. ನೋಡಬೇಕಾದ್ದು ಇವನ್ನು ಪರೀಕ್ಷೆಯಲ್ಲಿ ಬರೆದು ಮರೆಯಬೇಕೋ, ಒಂದು ಬಿಕ್ಕಟ್ಟಿನ ಅಣಕು ಅಭ್ಯಾಸದಲ್ಲಿ ಗಡಿಯಾರ ಇಟ್ಟುಕೊಂಡು ಬಳಸಬೇಕೋ ಎಂಬುದನ್ನು.

ಕಾನೂನು ಮತ್ತು ನೀತಿ ಕಡ್ಡಾಯ ವಿಷಯವಾಗಿರಲಿ: ಮಾನನಷ್ಟ, ಕೃತಿಸ್ವಾಮ್ಯ, ಹಣ ಪಡೆದು ಹಾಕಿದ ಪೋಸ್ಟನ್ನು ಹಾಗೆಂದು ತಿಳಿಸುವ ಹೊಣೆ, ಖಾಸಗಿ ಮಾಹಿತಿಯ ರಕ್ಷಣೆ. ಖಾಸಗಿ ಮಾಹಿತಿ ರಕ್ಷಿಸುವ ಯುರೋಪಿನ ಕಾನೂನಾದ ಜಿ.ಡಿ.ಪಿ.ಆರ್. 2018ರ ಮೇ ತಿಂಗಳಿಂದ ಜಾರಿಯಲ್ಲಿದೆ; ಅಲ್ಲಿನ ಜನರ ಇಮೇಲ್ ಪಟ್ಟಿ ಇಟ್ಟುಕೊಂಡು ಪ್ರಚಾರ ಮಾಡುವವರಿಗೆಲ್ಲ ಅದು ತಾಗುತ್ತದೆ. ಇನ್ನು ಸಾಫ್ಟ್‌ವೇರ್‌ಗಳ ಹೆಸರಿನಿಂದಲೇ ತುಂಬಿದ ಪಠ್ಯಕ್ರಮಕ್ಕೆ ಮರುಳಾಗಬೇಡಿ. ಟೂಲ್‌ಗಳು ಎರಡು ವರ್ಷಕ್ಕೆ ಬದಲಾಗುತ್ತವೆ, ಗೂಗಲ್ ಜಾಹೀರಾತುಗಳ ಪ್ರಮಾಣಪತ್ರ ಅದರದೇ ಸ್ಕಿಲ್‌ಶಾಪ್ ಎಂಬ ಕಲಿಕಾ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದಕ್ಕೆ ಬೋಧನಾ ಶುಲ್ಕ ಕೊಡುವ ಅಗತ್ಯವಿಲ್ಲ.

ಹಂತ 5: ಬೋಧಕರು, ಪ್ರಾಜೆಕ್ಟ್, ಇಂಟರ್ನ್‌ಶಿಪ್

ಬೋಧಕರ ಪಟ್ಟಿಯಲ್ಲಿ ಪೂರ್ಣಾವಧಿಯವರೆಷ್ಟು, ಅತಿಥಿಗಳೆಷ್ಟು ಎಂದು ಎಣಿಸಿ. ಎಲ್ಲರೂ ಪ್ರಾಧ್ಯಾಪಕರೇ ಆದರೆ ಉದ್ಯಮದ ಗಾಳಿ ಸೋಕದು. ಎಲ್ಲರೂ ಏಜೆನ್ಸಿಯಿಂದ ಬರುವ ಅತಿಥಿಗಳೇ ಆದರೆ ಕ್ಲೈಂಟ್ ಮೀಟಿಂಗ್ ಬಂದ ದಿನ ತರಗತಿ ರದ್ದಾಗುತ್ತದೆ, ಪ್ರಬಂಧಕ್ಕೆ ಮಾರ್ಗದರ್ಶಕರು ಸಿಗುವುದಿಲ್ಲ. ಬ್ರೋಷರಿನ ಮುಖಪುಟದಲ್ಲಿರುವ ದೊಡ್ಡ ಹೆಸರು ಒಂದು ಸೆಮಿಸ್ಟರ್‌ಗೆ ಎಷ್ಟು ಗಂಟೆ ಪಾಠ ಮಾಡುತ್ತದೆ ಎಂದು ನೇರವಾಗಿ ಕೇಳಿ. ಒಂದೇ ಒಂದು ಉಪನ್ಯಾಸ ಎಂಬ ಉತ್ತರ ಬರುವುದು ಅಪರೂಪವಲ್ಲ.

‘ನಿಜವಾದ ಕ್ಲೈಂಟ್ ಜೊತೆ ಪ್ರಾಜೆಕ್ಟ್’ ಎಂಬ ಮಾತಿಗೂ ವಿವರ ಬೇಕು. ಕ್ಲೈಂಟ್ ಮೊದಲ ದಿನ ಬಂದು ಬ್ರೀಫ್ ಕೊಟ್ಟು, ಕೊನೆಯ ದಿನ ಚಪ್ಪಾಳೆ ತಟ್ಟಿ ಹೋದರೆ ಅದರಿಂದ ಕಲಿಯುವುದು ಕಡಿಮೆ. ಮಧ್ಯದಲ್ಲಿ ಎರಡು ಸಲವಾದರೂ ತಂಡದ ಕೆಲಸವನ್ನು ತಿರಸ್ಕರಿಸಿ ವಾಪಸ್ ಕಳಿಸುವ ಕ್ಲೈಂಟ್ ಬೇಕು. ಗುಂಪಿನ ಕೆಲಸಕ್ಕೆ ಎಲ್ಲರಿಗೂ ಒಂದೇ ಅಂಕವೋ, ಸದಸ್ಯರು ಪರಸ್ಪರ ಮೌಲ್ಯಮಾಪನ ಮಾಡುತ್ತಾರೋ ಎಂದೂ ಕೇಳಿ. ಒಂದೇ ಅಂಕವಾದರೆ ಇಬ್ಬರು ದುಡಿದು ಮೂವರು ಕೂತು ಉಣ್ಣುವುದು ಖಂಡಿತ.

ಇಂಟರ್ನ್‌ಶಿಪ್ ವಿಷಯದಲ್ಲಿ ಐದು ಪ್ರಶ್ನೆ: ಕಡ್ಡಾಯವೇ? ಎಷ್ಟು ವಾರ, ಎಷ್ಟು ಕ್ರೆಡಿಟ್? ಜಾಗ ಹುಡುಕಿಕೊಡುವವರು ಯಾರು? ಭತ್ಯೆ ಇದೆಯೇ? ಹೊರದೇಶದ ವಿದ್ಯಾರ್ಥಿ ವೀಸಾಕ್ಕೆ ಅದು ಹೊಂದುತ್ತದೆಯೇ? ಮೂರನೆಯ ಪ್ರಶ್ನೆಗೆ ‘ನಾವು ಸಹಾಯ ಮಾಡುತ್ತೇವೆ’ ಎಂಬ ಉತ್ತರ ಬಂದರೆ, ಹಿಂದಿನ ಬ್ಯಾಚಿನವರು ಹೋದ ಸಂಸ್ಥೆಗಳ ಪಟ್ಟಿ ಕೇಳಿ. ಭಾಷೆಯ ಅಂಶವನ್ನು ಮರೆಯುವವರು ಬಹಳ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಅಲ್ಲಿನ ಪತ್ರಕರ್ತರು, ಗ್ರಾಹಕರು ಸ್ಥಳೀಯ ಭಾಷೆಯವರು. ಪಿ.ಆರ್. ಮತ್ತು ಕಾಪಿರೈಟಿಂಗ್ ಎರಡೂ ಭಾಷೆಯ ಮೇಲೇ ನಿಂತ ಕೆಲಸ. ಅಲ್ಲಿನ ಭಾಷೆಯಲ್ಲಿ ಸರಾಗವಾಗಿ ಬರೆಯಲು ಬಾರದಿದ್ದರೆ ಇಂಟರ್ನ್‌ಶಿಪ್ ಸಿಗುವುದೇ ಕಷ್ಟ. ಡೇಟಾ, ಮೀಡಿಯಾ ಪ್ಲ್ಯಾನಿಂಗ್ ಕಡೆ ಈ ತೊಡಕು ಸ್ವಲ್ಪ ಕಡಿಮೆ.

ಹಂತ 6: ಉದ್ಯೋಗದ ಅಂಕಿಗಳನ್ನು ಬಿಡಿಸಿ ನೋಡಿ

‘ನಮ್ಮ ಶೇ 90 ವಿದ್ಯಾರ್ಥಿಗಳಿಗೆ ಕೆಲಸ’ ಎಂಬ ಸಾಲು ಬಂದಾಗ ಛೇದದಲ್ಲಿ ಏನಿದೆ ಎಂದು ಕೇಳಬೇಕು. ಉದಾಹರಣೆಗೆ, ಬ್ಯಾಚಿನಲ್ಲಿ 60 ಮಂದಿ. ಸಮೀಕ್ಷೆಗೆ ಉತ್ತರಿಸಿದವರು 30. ಅವರಲ್ಲಿ ಕೆಲಸದಲ್ಲಿರುವವರು 27; ಶೇ 90 ಆಯಿತು. ಆ 27ರಲ್ಲಿ ಸಂವಹನ ಕ್ಷೇತ್ರದಲ್ಲೇ ಇರುವವರು 12 ಎಂದಾದರೆ, ಇಡೀ ಬ್ಯಾಚಿನಲ್ಲಿ ಶೇ 20 ಮಾತ್ರ ಖಚಿತ. ಸುಳ್ಳು ಹೇಳದೆಯೇ 20ನ್ನು 90 ಮಾಡಬಹುದು. ಎಷ್ಟು ಜನ ಉತ್ತರಿಸಿದರು, ಎಷ್ಟು ತಿಂಗಳೊಳಗೆ ಕೆಲಸ ಸಿಕ್ಕಿತು, ಸೇರುವ ಮೊದಲೇ ಕೆಲಸದಲ್ಲಿದ್ದವರನ್ನೂ ಎಣಿಸಿದ್ದಾರೆಯೇ, ಇಂಟರ್ನ್‌ಶಿಪ್‌ನಲ್ಲಿರುವವರನ್ನು ಉದ್ಯೋಗಿ ಎಂದಿದ್ದಾರೆಯೇ, ಇಷ್ಟು ಕೇಳಿ.

ಇದಕ್ಕಿಂತ ನಂಬಿಕೆಯ ದಾರಿ ಹಳೆಯ ವಿದ್ಯಾರ್ಥಿಗಳು. ಲಿಂಕ್ಡ್‌ಇನ್‌ನಲ್ಲಿ ವಿಶ್ವವಿದ್ಯಾಲಯದ ಪುಟ ತೆರೆದು, ಕೋರ್ಸ್ ಹೆಸರು ಮತ್ತು ಮುಗಿಸಿದ ವರ್ಷ ಹಾಕಿ ಹುಡುಕಿ. ಮೂರು ವರ್ಷದ ಹಿಂದೆ ಮುಗಿಸಿದವರಲ್ಲಿ 15 ಮಂದಿ ಈಗ ಎಲ್ಲಿದ್ದಾರೆ ಎಂದು ಬರೆದುಕೊಳ್ಳಿ. ಅವರಲ್ಲಿ ಐದಾರು ಮಂದಿಗೆ ಚಿಕ್ಕ ಸಂದೇಶ ಕಳಿಸಿ. ವಿಭಾಗವೇ ಪರಿಚಯಿಸಿಕೊಟ್ಟ ‘ವಿದ್ಯಾರ್ಥಿ ರಾಯಭಾರಿ’ಗಳ ಮಾತಷ್ಟೇ ಸಾಲದು. ‘ಕೋರ್ಸ್ ಹೇಗಿತ್ತು’ ಎಂದು ಕೇಳಿದರೆ ‘ಚೆನ್ನಾಗಿತ್ತು’ ಎಂದೇ ಉತ್ತರ. ಹೀಗೆ ಕೇಳಿ: ಪಟ್ಟಿಯಲ್ಲಿದ್ದೂ ನಡೆಯದ ಐಚ್ಛಿಕ ವಿಷಯ ಯಾವುದು? ಅಸೈನ್‌ಮೆಂಟ್‌ಗೆ ಟಿಪ್ಪಣಿ ಬರಲು ಎಷ್ಟು ವಾರ ಹಿಡಿಯಿತು? ಮೊದಲ ಸಂದರ್ಶನದಲ್ಲಿ ಕೋರ್ಸ್‌ನ ಯಾವ ಕೆಲಸವನ್ನು ತೋರಿಸಿದಿರಿ?

ಹಂತ 7: ಹಣ

ಬೋಧನಾ ಶುಲ್ಕ ವೆಚ್ಚದ ಒಂದು ಭಾಗ ಅಷ್ಟೇ. ವಾಸ, ವಿಮೆ, ವೀಸಾ, ಪ್ರಯಾಣ, ಭಾಷಾ ಪರೀಕ್ಷೆ, ಅರ್ಜಿ ಶುಲ್ಕಗಳನ್ನು ಸೇರಿಸಿ. ಕೆಲಸ ಬಿಟ್ಟು ಹೋಗುವವರು ಕೈತಪ್ಪುವ ಸಂಬಳವನ್ನೂ ಸೇರಿಸಬೇಕು. ಎರಡು ವರ್ಷದ ಅಗ್ಗದ ಕೋರ್ಸ್‌ಗಿಂತ ಒಂದು ವರ್ಷದ ದುಬಾರಿ ಕೋರ್ಸ್ ಮಿಗಿಲು ಎನಿಸುವುದು ಇಲ್ಲೇ. ಆದರೆ ಒಂದು ವರ್ಷದ ಕೋರ್ಸ್‌ನಲ್ಲಿ ಬೇಸಿಗೆ ಇಂಟರ್ನ್‌ಶಿಪ್‌ಗೆ ಜಾಗವಿರದು ಎಂಬುದೂ ನೆನಪಿರಲಿ. ಸಾಲ ಮಾಡುವುದಾದರೆ, ಆ ಊರಿನ ಆರಂಭಿಕ ಸಂಬಳದಲ್ಲಿ ಕೈಗೆ ಬರುವ ಮೊತ್ತದ ಐದನೇ ಒಂದು ಭಾಗಕ್ಕಿಂತ ಕಂತು ಹೆಚ್ಚಾಗದಂತೆ ನೋಡಿಕೊಳ್ಳಿ. ಈ ಕ್ಷೇತ್ರದಲ್ಲಿ ಮೊದಲ ಎರಡು ಮೂರು ವರ್ಷದ ಸಂಬಳ ಸಾಧಾರಣ, ಆಮೇಲಷ್ಟೇ ಏರುತ್ತದೆ.

ಈಗಾಗಲೇ ಕೆಲಸದಲ್ಲಿರುವವರಿಗೆ ಅರೆಕಾಲಿಕ ಅಥವಾ ಆನ್‌ಲೈನ್ ಕೋರ್ಸ್ ಒಳ್ಳೆಯ ಆಯ್ಕೆ. ಹೊಸಬರಿಗೆ ಅಷ್ಟಾಗಿ ಒಗ್ಗದು, ಏಕೆಂದರೆ ಸಹಪಾಠಿಗಳ ಒಡನಾಟವೇ ಮುಂದೆ ಅವರಿಗೆ ಕೆಲಸ ಹುಡುಕಿಕೊಡುವ ಜಾಲ.

ಹಂತ 8: ಅರ್ಜಿ

ಕೋರ್ಸ್ ಶುರುವಾಗುವುದಕ್ಕೆ 12 ತಿಂಗಳ ಮುಂಚೆ ಕೆಲಸ ಆರಂಭಿಸಿ. ಮೊದಲ ಮೂರು ತಿಂಗಳು ಮೇಲಿನ ಹುಡುಕಾಟಕ್ಕೆ, ಆಮೇಲಿನ ಎರಡು ತಿಂಗಳು ಭಾಷಾ ಪರೀಕ್ಷೆ ಮತ್ತು ಅಂಕಪಟ್ಟಿಗಳಿಗೆ. ವಿದ್ಯಾರ್ಥಿವೇತನದ ಕೊನೆಯ ದಿನ ಪ್ರವೇಶದ ಕೊನೆಯ ದಿನಕ್ಕಿಂತ ಹಲವು ವಾರ ಮೊದಲೇ ಬರುವುದರಿಂದ ಅದನ್ನೇ ನಿಮ್ಮ ಗಡುವಾಗಿ ಇಟ್ಟುಕೊಳ್ಳಿ.

ಉದ್ದೇಶ ಪತ್ರದಲ್ಲಿ ‘ಚಿಕ್ಕಂದಿನಿಂದಲೂ ಜಾಹೀರಾತು ಎಂದರೆ ಇಷ್ಟ’ ಎಂಬಂಥ ಸಾಲು ಬೇಡ. ಇತ್ತೀಚಿನ ಒಂದು ಪ್ರಚಾರವನ್ನು ತೆಗೆದುಕೊಂಡು ಅದು ಯಾರಿಗಾಗಿ ಇತ್ತು, ಏನು ಸಾಧಿಸಿತು, ಎಲ್ಲಿ ಸೋತಿತು ಎಂದು ಒಂದು ಪ್ಯಾರಾದಲ್ಲಿ ಬಿಡಿಸಿ, ಅದನ್ನು ಅರಿಯಲು ನಿಮಗೆ ಆ ಕೋರ್ಸ್‌ನ ಯಾವ ವಿಷಯ ಬೇಕಾಗಿದೆ ಎಂದು ಬರೆಯಿರಿ. ಓದುವವರು ದಿನವಿಡೀ ಬರವಣಿಗೆ ತಿದ್ದುವ ಜನ. ಪದಮಿತಿ ಮೀರಿದರೆ ಅಲ್ಲೇ ಅಂಕ ಹೋಯಿತು. ಶಿಫಾರಸು ಪತ್ರವನ್ನು ದೊಡ್ಡ ಹುದ್ದೆಯವರಿಗಿಂತ ನಿಮ್ಮ ಕೆಲಸ ಕಣ್ಣಾರೆ ಕಂಡವರಿಂದ ಪಡೆಯಿರಿ, ಕೊನೆಯ ದಿನಕ್ಕೆ ಆರು ವಾರ ಮುಂಚೆ ಕೇಳಿ.

ಹಂತ 9: ಕರೆ ಬಂದ ಮೇಲೆ

ಎರಡು ಮೂರು ಕಡೆ ಸೀಟು ಸಿಕ್ಕಾಗ ಎಲ್ಲದಕ್ಕೂ ಅಂಕ ಕೊಟ್ಟು ಕೂಡುವ ಪದ್ಧತಿ ಅನೇಕರದು. ಅದರಲ್ಲಿ ಗ್ರಂಥಾಲಯದ ಚೆಲುವು, ಸಂಶೋಧನಾ ಪಾಠದ ಕೊರತೆಯನ್ನು ಮುಚ್ಚಿಹಾಕುತ್ತದೆ. ಬದಲಿಗೆ ಒಂದೊಂದಾಗಿ ತೆಗೆದುಹಾಕಿ. ಪದವಿಗೆ ಬೇಕಾದ ಮಾನ್ಯತೆ ಇಲ್ಲದ್ದು ಮೊದಲು ಹೋಗಲಿ. ಕಂತು ಮಿತಿ ಮೀರುವುದು ಆಮೇಲೆ. ಮೊದಲ ಹಂತದ ಪಟ್ಟಿಯಲ್ಲಿ ಅರ್ಧಕ್ಕಿಂತ ಕಡಿಮೆ ಕೆಲಸ ಕಲಿಸುವುದು ಅದರ ನಂತರ. ಉಳಿದವುಗಳಲ್ಲಿ ಹಳೆಯ ವಿದ್ಯಾರ್ಥಿಗಳು ನಿಮಗೆ ಬೇಕಾದ ಹುದ್ದೆಯಲ್ಲಿ ಹೆಚ್ಚಿರುವುದನ್ನು ಹಿಡಿಯಿರಿ. ರ‍್ಯಾಂಕಿಂಗ್ ಪಟ್ಟಿಗೆ ಇಲ್ಲಿ ಹೆಚ್ಚು ಬೆಲೆ ಕೊಡಬೇಕಿಲ್ಲ. ವಿಶ್ವವಿದ್ಯಾಲಯಗಳ ಒಟ್ಟಾರೆ ರ‍್ಯಾಂಕಿಂಗ್‌ಗಳಲ್ಲಿ ಸಂಶೋಧನೆಯ ತೂಕ ದೊಡ್ಡದು, ಒಂದು ಸಂವಹನ ವಿಭಾಗದ ಪಾಠ ಹೇಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ.

ಮುಂಗಡ ಕಟ್ಟುವ ಮುನ್ನ ಮೂರು ವಿಷಯಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ: ನೀವು ನೆಚ್ಚಿರುವ ಐಚ್ಛಿಕ ವಿಷಯ ಈ ವರ್ಷ ನಡೆಯುತ್ತದೆಯೇ, ಅದಕ್ಕೆ ಕನಿಷ್ಠ ಎಷ್ಟು ವಿದ್ಯಾರ್ಥಿಗಳು ಬೇಕು; ವೀಸಾ ಸಿಗದಿದ್ದರೆ ಮುಂಗಡ ವಾಪಸ್ ಬರುತ್ತದೆಯೇ, ಎಷ್ಟು ದಿನದಲ್ಲಿ; ಪ್ರವೇಶವನ್ನು ಮುಂದಿನ ವರ್ಷಕ್ಕೆ ಮುಂದೂಡಿದರೆ ವಿದ್ಯಾರ್ಥಿವೇತನ ಉಳಿಯುತ್ತದೆಯೇ. ಫೋನಿನಲ್ಲಿ ಹೇಳಿದ ‘ಆಗುತ್ತದೆ’ ಮುಂದೆ ಲೆಕ್ಕಕ್ಕೆ ಬರುವುದಿಲ್ಲ, ಇಮೇಲ್ ಬಂದ ಮೇಲೆಯೇ ಹಣ ಕಟ್ಟಿ.